ಕರಗಲೊಲ್ಲದ ಕೊಬ್ಬು

ಹರಪನಹಳ್ಳಿಗೆ ಸಮೀಪದ ಬಾಗಳಿ ಒಂದು ಸಣ್ಣ ಗ್ರಾಮ. ಹತ್ತನೆಯ ಶತಮಾನದ ಕಲ್ಲೇಶ್ವರ ದೇವಾಲಯದಿಂದಾಗಿ ಅದರ ಹೆಸರು ನಮ್ಮ ಶಿಲ್ಪಕಲೆಯ ಚರಿತ್ರೆಯಲ್ಲಿ ನಿಂತಿದೆ. ಆ ಕಾಲದ ಶಿಲ್ಪಿಗಳು ಧನಾಧಿಪತಿಯಾದ ಕುಬೇರನನ್ನು ಕಡೆಯುವಾಗ ಅವನಿಗೆ ತುಂಬಿದ ಹೊಟ್ಟೆಯನ್ನೇ ಕೊಡುತ್ತಿದ್ದರು. ಮಳೆ ಕೈಕೊಡುವುದೇ ವಾಡಿಕೆಯಾದ ಸೀಮೆಯಲ್ಲಿ ಹೊಟ್ಟೆ ಮುಂದೆ ಬರುವುದೆಂದರೆ ಮನೆಯ ಕಣಜ ತುಂಬಿದೆಯೆಂದೇ ಅರ್ಥ. ಇಂದಿಗೂ ನಮ್ಮ ಹಳ್ಳಿಗಳ ಹಿರಿಯರು ರಜೆಗೆಂದು ಊರಿಗೆ ಬಂದ ಹುಡುಗನನ್ನು ಕಂಡು ‘ಮೈಕೈ ತುಂಬಿಕೊಂಡಿದ್ದಾನೆ’ ಎಂದು ಸಂತೋಷಪಡುತ್ತಾರೆ. ‘ಯಾಕೋ ಸೊರಗಿದ್ದೀಯಲ್ಲ’ ಎಂದು ಕಳವಳಪಡುತ್ತಾರೆ. ಈ ಮಾತುಗಳ ಹಿಂದೆ ಶತಮಾನಗಳ ಅನುಭವವಿದೆ.

ಆದರೆ ಕಾಲ ಬದಲಾಗಿದೆ. ೨೦೧೯-೨೦ರಲ್ಲಿ ಕರ್ನಾಟಕದಲ್ಲಿ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ, ನಮ್ಮ ರಾಜ್ಯದ ವಯಸ್ಕರಲ್ಲಿ ನೂರಕ್ಕೆ ಸುಮಾರು ೩೦ ಜನ ಸ್ತ್ರೀಯರೂ ಅಷ್ಟೇ ಪ್ರಮಾಣದ ಪುರುಷರೂ ಅಧಿಕ ತೂಕದವರು. ಅದಕ್ಕೆ ನಾಲ್ಕೈದು ವರ್ಷ ಹಿಂದಿನ ಸಮೀಕ್ಷೆಯಲ್ಲಿ ಈ ಪ್ರಮಾಣ ನೂರಕ್ಕೆ ೨೩ರಷ್ಟಿದ್ದಿತು. ಅದೇ ಸಮೀಕ್ಷೆಯಲ್ಲಿ ನೂರಕ್ಕೆ ೧೭ ಮಂದಿ ಸ್ತ್ರೀಯರು ಇರಬೇಕಾದುದಕ್ಕಿಂತ ಕಡಿಮೆ ತೂಕದವರೆಂದೂ, ಐದು ವರ್ಷದೊಳಗಿನ ಮಕ್ಕಳಲ್ಲಿ ಮೂರರಲ್ಲೊಂದು ಪಾಲು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲವೆಂದೂ ತಿಳಿದುಬಂದಿದೆ. ಹಸಿವೂ ಬೊಜ್ಜೂ ಒಂದೇ ಊರಿನಲ್ಲಿ, ಎಷ್ಟೋ ಸಲ ಒಂದೇ ಸೂರಿನ ಕೆಳಗೆ, ಕೂಡಿ ಬಾಳುತ್ತಿವೆ. ಈ ವಿಚಿತ್ರವನ್ನು ತಿಳಿಯಬೇಕಾದರೆ ಮೊದಲು ಕೊಬ್ಬು ದೇಹದಲ್ಲಿ ಏತಕ್ಕಾಗಿ ಇದೆ ಎಂಬುದನ್ನು ನೋಡಬೇಕು.

ಕೊಬ್ಬು ದೇಹದ ಕಣಜ. ಒಂದು ಗ್ರಾಂ ಪಿಷ್ಟದಿಂದಾಗಲಿ ಸಸಾರಜನಕದಿಂದಾಗಲಿ ಸುಮಾರು ೪ ಕಿಲೊಕ್ಯಾಲೊರಿ ಶಕ್ತಿ ದೊರೆತರೆ, ಒಂದು ಗ್ರಾಂ ಕೊಬ್ಬಿನಿಂದ ೯ ಕಿಲೊಕ್ಯಾಲೊರಿ ದೊರೆಯುತ್ತದೆ. ಅಲ್ಲದೆ ಪಿಷ್ಟವನ್ನು ಕೂಡಿಡಬೇಕಾದರೆ ಅದರ ಮೂರು ಪಟ್ಟು ನೀರನ್ನೂ ಜೊತೆಗೆ ಹೊರಬೇಕು. ಕೊಬ್ಬಿಗೆ ಆ ಹೊರೆಯಿಲ್ಲ. ದೇಹದಲ್ಲಿರುವ ಒಂದು ಕಿಲೋಗ್ರಾಂ ಕೊಬ್ಬಿನ ಊತಕದಲ್ಲಿ ಸುಮಾರು ೭,೭೦೦ ಕಿಲೊಕ್ಯಾಲೊರಿ ಅಡಗಿದೆ. ಸಾಧಾರಣ ಮೈಕಟ್ಟಿನವನೊಬ್ಬನಲ್ಲಿ ೧೫ ಕಿಲೋಗ್ರಾಂ ಕೊಬ್ಬಿದೆಯೆನ್ನೋಣ. ದಿನಕ್ಕೆ ೧,೮೦೦ರಂತೆ ಖರ್ಚು ಮಾಡಿದರೂ ಕೇವಲ ಲೆಕ್ಕದ ದೃಷ್ಟಿಯಿಂದ ಅದು ಎರಡು ತಿಂಗಳಿಗೆ ಸಾಕಾಗುವ ಬುತ್ತಿ.

ಈ ಬುತ್ತಿ ಎಷ್ಟು ಅವಶ್ಯವಾಗಿದ್ದಿತೆಂಬುದಕ್ಕೆ ದೂರದ ನಿದರ್ಶನ ಬೇಡ. ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ಮುಂತಾದ ತಾಲ್ಲೂಕುಗಳು, ಇಂದು ವಿಜಯನಗರ ಜಿಲ್ಲೆಗೆ ಸೇರಿದವುಗಳು, ಹಿಂದೆ ಮದರಾಸು ಪ್ರಾಂತದ ಬಳ್ಳಾರಿ ಜಿಲ್ಲೆಯಲ್ಲಿದ್ದವು. ೧೮೭೬ರಿಂದ ೧೮೭೮ರವರೆಗಿನ ಮಹಾಕ್ಷಾಮದಲ್ಲಿ ಅತ್ಯಂತ ನೊಂದ ಜಿಲ್ಲೆಗಳಲ್ಲಿ ಬಳ್ಳಾರಿಯೂ ಒಂದು. ೧೮೭೭ರ ಜನವರಿಯಲ್ಲಿ ಭಾರತ ಸರ್ಕಾರದ ಪ್ರತಿನಿಧಿಯಾಗಿ ಬಂದ ಸರ್ ರಿಚರ್ಡ್ ಟೆಂಪಲ್, ಪರಿಹಾರ ಕಾಮಗಾರಿಯಲ್ಲಿ ಮಣ್ಣು ಹೊರುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡು ಧಾನ್ಯ ಮತ್ತು ಅದರ ಮೇಲೆ ಅತ್ಯಲ್ಪ ಕಾಸು ಸಾಕೆಂದು ವಿಧಿಸಿದರು. ಮದರಾಸಿನ ಆರೋಗ್ಯಾಧಿಕಾರಿಯಾಗಿದ್ದ ಡಾಕ್ಟರ್ ಕಾರ್ನಿಷ್, ಈ ಕೂಲಿಯಿಂದ ದುಡಿಯುವ ದೇಹ ಉಳಿಯಲಾರದೆಂದು ಬಲವಾಗಿ ವಿರೋಧಿಸಿದರು. ಒಂದು ಪೌಂಡೆಂದರೆ ಸುಮಾರು ೪೫೦ ಗ್ರಾಂ. ಅಷ್ಟು ಧಾನ್ಯದಲ್ಲಿರುವುದು ಸುಮಾರು ೧,೬೦೦ ಕಿಲೊಕ್ಯಾಲೊರಿ. ಈ ಅಂಕಿಯನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು.

ಏಕೆಂದರೆ, ಇದಾದ ಅರುವತ್ತೇಳು ವರ್ಷಗಳ ಮೇಲೆ ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ಶರೀರವಿಜ್ಞಾನಿ ಮಾಡಿದ ಪ್ರಯೋಗದಲ್ಲಿ ಹೆಚ್ಚುಕಡಮೆ ಇದೇ ಅಂಕಿ ಮತ್ತೆ ಬರುತ್ತದೆ. ಎರಡನೆಯ ಮಹಾಯುದ್ಧದಲ್ಲಿ ಹಸಿದು ಬಳಲಿದ ಜನರನ್ನು ಪುನಃ ಚೇತರಿಸಿಕೊಳ್ಳುವಂತೆ ಮಾಡುವುದು ಹೇಗೆಂದು ತಿಳಿಯಲು, ಯುದ್ಧ ಮಾಡಲೊಪ್ಪದ ೩೬ ಮಂದಿ ಆರೋಗ್ಯವಂತ ತರುಣರು ತಾವಾಗಿಯೇ ಮುಂದೆ ಬಂದರು. ೧೯೪೫ರಲ್ಲಿ ೨೪ ವಾರಗಳ ಕಾಲ ಅವರಿಗೆ ದಿನಕ್ಕೆ ಸುಮಾರು ೧,೫೭೦ ಕಿಲೊಕ್ಯಾಲೊರಿಯ ಆಹಾರವನ್ನು ಕೊಡಲಾಯಿತು. ವಾರಕ್ಕೆ ೩೫ ಕಿಲೊಮೀಟರು ನಡೆಯಬೇಕೆಂಬ ನಿಯಮವೂ ಇದ್ದಿತು. ಅವರು ತಮ್ಮ ತೂಕದಲ್ಲಿ ಸುಮಾರು ಕಾಲುಭಾಗವನ್ನು ಕಳೆದುಕೊಂಡರು. ಆದರೆ ವಿಜ್ಞಾನಿಗಳ ಗಮನವನ್ನು ಸೆಳೆದುದು ಇಳಿದ ತೂಕಕ್ಕಿಂತ ಹೆಚ್ಚಾಗಿ ದೇಹ ಹೂಡಿದ ಪ್ರತಿರೋಧ. ವಿಶ್ರಾಂತಿಯಲ್ಲಿರುವಾಗ ದೇಹ ವ್ಯಯಿಸುವ ಶಕ್ತಿ ನೂರಕ್ಕೆ ನಲವತ್ತರಷ್ಟು ತಗ್ಗಿತು. ನಾಡಿ ಮಂದವಾಯಿತು, ಮೈ ತಣ್ಣಗಾಯಿತು, ಬೇಸಗೆಯಲ್ಲೂ ಚಳಿಯೆನ್ನತೊಡಗಿದರು. ಅವರ ಕನಸುಗಳಲ್ಲೂ ಅನ್ನವೇ. ಅಡುಗೆಯ ಪುಸ್ತಕಗಳನ್ನು ಇಟ್ಟುಕೊಂಡು ಗಂಟೆಗಟ್ಟಲೆ ಓದುವವರಾದರು. ಮತ್ತೆ ಹೊಟ್ಟೆತುಂಬ ಊಟ ದೊರೆತಾಗ, ಹಲವರು ಹೊಟ್ಟೆ ಬಿರಿಯುವಂತೆ ಉಂಡರೂ ಹಸಿವು ತೀರಲಿಲ್ಲ. ಕೊಬ್ಬು ಮೊದಲಿಗಿಂತಲೂ ಹೆಚ್ಚಾಗಿ ಮರಳಿತು.

ಈಗ ಈ ಎರಡು ಸಂಗತಿಗಳನ್ನು ಜೊತೆಗಿಟ್ಟು ನೋಡಿ. ಟೆಂಪಲ್ ಕೂಲಿಯ ಮೇಲೆ ಮಣ್ಣು ಹೊತ್ತು ಬದುಕಿ ಉಳಿದವರನ್ನು ಉಳಿಸಿದುದು ದೇಹದ ಈ ಜಿಪುಣತನ. ಇಂದು ತೂಕ ಇಳಿಸಬೇಕೆಂದು ಸಂಕಲ್ಪ ಮಾಡಿ ಊಟವನ್ನು ಅರ್ಧಕ್ಕೆ ಇಳಿಸಿದವನನ್ನು ಸೋಲಿಸುವುದೂ ಅದೇ ಜಿಪುಣತನ. ದೇಹಕ್ಕೆ ಬರಗಾಲ ಯಾವುದು, ಪಥ್ಯ ಯಾವುದು ಎಂಬ ಭೇದ ತಿಳಿಯದು. ಎರಡರಲ್ಲಿಯೂ ಅದು ಒಲೆಯ ಉರಿಯನ್ನು ತಗ್ಗಿಸಿ, ಹಸಿವಿನ ಗಂಟೆಯನ್ನು ಜೋರಾಗಿ ಬಾರಿಸುತ್ತದೆ.

ಆ ಗಂಟೆಯನ್ನು ಬಾರಿಸುವವರಾರೆಂಬುದು ೧೯೯೪ರವರೆಗೆ ಸ್ಪಷ್ಟವಾಗಿರಲಿಲ್ಲ. ಆ ವರ್ಷ ನ್ಯೂಯಾರ್ಕಿನ ರಾಕ್‌ಫೆಲರ್ ವಿಶ್ವವಿದ್ಯಾಲಯದ ಜೆಫ್ರಿ ಫ್ರೀಡ್ಮನ್ ಮತ್ತು ಸಂಗಡಿಗರು, ಹುಟ್ಟಿನಿಂದಲೇ ತಿಂದು ತಿಂದು ಉಬ್ಬುವ ಒಂದು ಜಾತಿಯ ಇಲಿಗಳಲ್ಲಿ ಕೆಟ್ಟಿರುವ ಜೀನನ್ನು ಗುರುತಿಸಿದರು. ಆ ಜೀನಿನ ಆದೇಶದಂತೆ ಕೊಬ್ಬಿನ ಜೀವಕೋಶಗಳು ತಯಾರಿಸುವ ಹಾರ್ಮೋನಿಗೆ ಲೆಪ್ಟಿನ್ ಎಂದು ಹೆಸರಾಯಿತು. ಕಣಜದಲ್ಲಿ ಎಷ್ಟಿದೆಯೆಂಬ ವರದಿಯನ್ನು ರಕ್ತದ ಮೂಲಕ ಮೆದುಳಿಗೆ ಒಯ್ಯುವ ಓಲೆಕಾರ ಇದು. ಕೊಬ್ಬು ಕರಗಿದಂತೆ ಲೆಪ್ಟಿನ್ ಇಳಿಯುತ್ತದೆ. ಮೆದುಳಿನ ಬುಡದಲ್ಲಿರುವ ಹೈಪೊತಲಾಮಸ್ ಎಂಬ ಭಾಗ ಕ್ಷಾಮವೆಂದು ತಿಳಿದು ಹಸಿವನ್ನು ಕೆರಳಿಸುತ್ತದೆ. ಹಾಗಾದರೆ ಲೆಪ್ಟಿನನ್ನು ಚುಚ್ಚಿ ಕೊಟ್ಟರೆ ಬೊಜ್ಜು ಕರಗಬೇಕಲ್ಲವೆ? ಬಹುಮಂದಿ ಹಾಗೆಯೇ ಆಶಿಸಿದರು. ಆದರೆ ಸ್ಥೂಲಕಾಯರ ರಕ್ತದಲ್ಲಿ ಲೆಪ್ಟಿನ್ ಮೊದಲೇ ಹೆಚ್ಚಾಗಿರುತ್ತದೆ. ಮೆದುಳು ಅದಕ್ಕೆ ಕಿವಿಗೊಡುವುದನ್ನು ಬಿಟ್ಟಿರುತ್ತದೆ. ಆ ಜೀನೇ ಕೆಟ್ಟಿರುವ ಅತಿವಿರಳ ರೋಗಿಗಳಿಗೆ ಮಾತ್ರ ಲೆಪ್ಟಿನ್ ಸಂಜೀವಿನಿಯಾಯಿತು. ೧೯೯೯ರಲ್ಲಿ ಜಪಾನಿನ ಕೊಜಿಮ ಮತ್ತು ಕಂಗಾವ ಜಠರದಲ್ಲಿ ಹುಟ್ಟುವ ಗ್ರೆಲಿನ್ ಎಂಬ ಇನ್ನೊಂದು ಹಾರ್ಮೋನನ್ನು ಕಂಡುಹಿಡಿದರು. ಊಟದ ಹೊತ್ತಿಗೆ ಏರಿ ಹಸಿವೆಬ್ಬಿಸುವುದು ಇದರ ಕೆಲಸ. ಆಸ್ಟ್ರೇಲಿಯದ ಮೆಲ್ಬರ್ನಿನಲ್ಲಿ ೫೦ ಮಂದಿ ಸ್ಥೂಲಕಾಯರಿಗೆ ಹತ್ತು ವಾರ ಕಟ್ಟುನಿಟ್ಟಿನ ಪಥ್ಯ ಮಾಡಿಸಿ ಒಂದು ವರ್ಷದ ಮೇಲೆ ಪರೀಕ್ಷಿಸಿದಾಗಲೂ, ಲೆಪ್ಟಿನ್ ತಗ್ಗಿ ಗ್ರೆಲಿನ್ ಏರಿದ ಸ್ಥಿತಿ ಹಾಗೆಯೇ ಇದ್ದಿತೆಂದು ೨೦೧೧ರಲ್ಲಿ ವರದಿಯಾಯಿತು. ಅಮೆರಿಕದ ದೂರದರ್ಶನ ಸ್ಪರ್ಧೆಯೊಂದರಲ್ಲಿ ಅಪಾರ ತೂಕ ಇಳಿಸಿ ಹೆಸರಾದ ೧೪ ಮಂದಿಯನ್ನು ಕೆವಿನ್ ಹಾಲ್ ಎಂಬ ವಿಜ್ಞಾನಿ ಆರು ವರ್ಷಗಳ ಮೇಲೆ ಪರೀಕ್ಷಿಸಿದಾಗ, ಹೆಚ್ಚಿನವರ ತೂಕ ಬಹುಮಟ್ಟಿಗೆ ಮರಳಿದ್ದಿತು. ಅವರ ದೇಹ ಮಾತ್ರ ಅಷ್ಟು ತೂಕದವರು ಸಾಧಾರಣವಾಗಿ ಉರಿಸುವುದಕ್ಕಿಂತ ದಿನಕ್ಕೆ ಸುಮಾರು ೫೦೦ ಕಿಲೊಕ್ಯಾಲೊರಿ ಕಡಿಮೆ ಉರಿಸುತ್ತಿದ್ದಿತು.

ದಪ್ಪಗಿರುವವರನ್ನು ಕಂಡು ‘ನಾಲಗೆಯ ಮೇಲೆ ಹಿಡಿತವಿಲ್ಲ’ ಎಂದು ಹಗುರವಾಗಿ ಆಡಿಕೊಳ್ಳುವವರು ಈ ಸಂಗತಿಗಳನ್ನು ಅರಿಯರು. ಶಾಲೆಗಳಲ್ಲಿ ಅಂಥ ಮಕ್ಕಳಿಗೆ ಅಡ್ಡಹೆಸರಿಡುವುದು ವಿನೋದವೆನ್ನಿಸಿಕೊಳ್ಳುತ್ತಿರುವುದು ನಮಗೆ ಸ್ವಲ್ಪವೂ ಹಿಡಿಸದ ವಿಷಯ. ಹಸಿವು ಇಚ್ಛೆಗೆ ಅಧೀನವಾಗಿದ್ದರೆ ಬಾಯಾರಿಕೆಯನ್ನೂ ನಿದ್ರೆಯನ್ನೂ ಇಚ್ಛೆಯಿಂದಲೇ ಗೆಲ್ಲಬಹುದಾಗಿತ್ತು.

ಇನ್ನು ನಮ್ಮ ಜನರ ಶರೀರದ ವಿಶೇಷವನ್ನು ಹೇಳಬೇಕು. ತೂಕವನ್ನು ಕಿಲೋಗ್ರಾಮಿನಲ್ಲಿಯೂ ಎತ್ತರವನ್ನು ಮೀಟರಿನಲ್ಲಿಯೂ ಅಳೆದು, ತೂಕವನ್ನು ಎತ್ತರದ ವರ್ಗದಿಂದ ಭಾಗಿಸಿದರೆ ಬರುವುದು ದೇಹತೂಕ ಸೂಚ್ಯಂಕ. ೧.೬ ಮೀಟರು ಎತ್ತರದ, ೬೪ ಕಿಲೋಗ್ರಾಂ ತೂಕದವರ ಸೂಚ್ಯಂಕ ೨೫. ಐರೋಪ್ಯರಲ್ಲಿ ೨೫ಕ್ಕೆ ಅಧಿಕ ತೂಕ, ೩೦ಕ್ಕೆ ಸ್ಥೂಲಕಾಯ ಪ್ರಾರಂಭವೆಂದು ಎಣಿಸುತ್ತಾರೆ. ಭಾರತೀಯರಿಗೆ ೨೩ ಮತ್ತು ೨೫ ಎಂದು ನಮ್ಮ ತಜ್ಞರು ಕೆಳಗಿಳಿಸಿದ್ದಾರೆ. ಇದರ ಕಾರಣವನ್ನು ಪುಣೆಯ ಡಾಕ್ಟರ್ ಯಾಜ್ಞಿಕ್ ತಮ್ಮ ದೇಹವನ್ನೇ ನಿದರ್ಶನವಾಗಿಟ್ಟುಕೊಂಡು ೨೦೦೪ರಲ್ಲಿ ತೋರಿಸಿದರು. ಅವರದೂ ಅವರ ಆಂಗ್ಲ ಮಿತ್ರ ಯಡ್ಕಿನ್‌ರದೂ ಸೂಚ್ಯಂಕ ಒಂದೇ, ೨೨.೩. ಆದರೆ ಯಡ್ಕಿನ್‌ರ ದೇಹದಲ್ಲಿ ಕೊಬ್ಬು ನೂರಕ್ಕೆ ೯, ಯಾಜ್ಞಿಕ್‌ರ ದೇಹದಲ್ಲಿ ನೂರಕ್ಕೆ ೨೧! ನೋಡಲು ತೆಳ್ಳಗಿದ್ದರೂ ನಮ್ಮಲ್ಲಿ ಸ್ನಾಯು ಕಡಿಮೆ, ಕೊಬ್ಬು ಹೆಚ್ಚು. ಅದೂ ಚರ್ಮದಡಿಯಲ್ಲಿ ಉಳಿಯದೆ ಹೊಟ್ಟೆಯೊಳಗೆ ಯಕೃತ್ತು ಮುಂತಾದ ಅಂಗಗಳ ಬಳಿ ಸೇರಿ, ಇನ್ಸುಲಿನ್ನಿನ ಕೆಲಸವನ್ನು ಕೆಡಿಸಿ, ಸಿಹಿಮೂತ್ರ ರೋಗಕ್ಕೆ ದಾರಿ ಮಾಡುತ್ತದೆ.

ಈ ಸ್ವಭಾವ ತಾಯಿಯ ಗರ್ಭದಲ್ಲಿಯೇ ಮೊಳೆಯುವುದೆಂಬ ಸಂಗತಿಗೆ ನಮ್ಮ ಮೈಸೂರು ನಗರದಲ್ಲಿ ಅಮೂಲ್ಯವಾದ ಸಾಕ್ಷ್ಯವಿದೆ. ಅಲ್ಲಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ, ಜನರ ಬಾಯಲ್ಲಿ ಮಿಷನ್ ಆಸ್ಪತ್ರೆ, ೧೯೩೪ರಿಂದ ಹುಟ್ಟಿದ ಶಿಶುಗಳ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ಬರೆದಿಟ್ಟುಕೊಂಡು ಬಂದಿತು. ಇಂಗ್ಲೆಂಡಿನಲ್ಲಿ ಡೇವಿಡ್ ಬಾರ್ಕರ್, ಕಡಿಮೆ ತೂಕದಿಂದ ಹುಟ್ಟಿದವರಿಗೆ ಮುಂದೆ ಮಧುಮೇಹ, ಹೃದ್ರೋಗ ಹೆಚ್ಚೆಂದು ತೋರಿಸಿದ್ದರು. ಮೈಸೂರಿನಲ್ಲಿ ೧೯೩೪ರಿಂದ ೧೯೫೪ರೊಳಗೆ ಹುಟ್ಟಿದ ಸುಮಾರು ಐನೂರು ಮಂದಿಯನ್ನು ಹುಡುಕಿ ಪರೀಕ್ಷಿಸಿ ೧೯೯೮ರಲ್ಲಿ ಪ್ರಕಟಿಸಿದ ಫಲಿತಾಂಶ ಬೇರೆಯಾಗಿದ್ದಿತು. ಇಲ್ಲಿ ಹೆಚ್ಚಾಗಿ ಮಧುಮೇಹಕ್ಕೆ ಗುರಿಯಾದವರು ಹುಟ್ಟುವಾಗ ಗಿಡ್ಡಗೆ ದುಂಡಗೆ ಇದ್ದವರು, ತೂಕ ಹೆಚ್ಚಾಗಿದ್ದ ತಾಯಂದಿರ ಮಕ್ಕಳು. ಬಸಿರಿನಲ್ಲಿ ತಾಯಿಗೆ ಮಧುಮೇಹವಿದ್ದರೆ ಮಗುವಿನ ಗತಿಯೇನೆಂಬುದನ್ನು ಅದೇ ಆಸ್ಪತ್ರೆಯಲ್ಲಿ ೧೯೯೭-೯೮ರಲ್ಲಿ ಆರಂಭವಾದ ಇನ್ನೊಂದು ಅಧ್ಯಯನ ಬೆನ್ನುಹತ್ತಿತು; ಅಂಥ ತಾಯಂದಿರ ಹೆಣ್ಣುಮಕ್ಕಳಲ್ಲಿ ಐದನೆಯ ವಯಸ್ಸಿಗಾಗಲೇ ಕೊಬ್ಬು ಹೆಚ್ಚಾಗಿರುವುದು ಕಂಡುಬಂದಿತು. ತಲೆಮಾರಿನಿಂದ ತಲೆಮಾರಿಗೆ ಕೊರತೆಯೂ ಸಮೃದ್ಧಿಯೂ ಹೀಗೆ ಬೇರೆಬೇರೆ ವೇಷದಲ್ಲಿ ದಾಟುತ್ತವೆ. ಕ್ಷಾಮಗಳು ಕೊಬ್ಬು ಕೂಡಿಸುವ ಜೀನುಗಳನ್ನು ಆರಿಸಿ ಉಳಿಸಿದವೆಂದು ೧೯೬೨ರಲ್ಲಿ ಜೇಮ್ಸ್ ನೀಲ್ ಊಹಿಸಿದರು. ಆ ಊಹೆ ಆಕರ್ಷಕವಾದರೂ ಅದನ್ನು ಇಂದಿನ ವಿಜ್ಞಾನಿಗಳೆಲ್ಲರೂ ಒಪ್ಪಿಲ್ಲವೆಂಬುದನ್ನು ವಿದ್ಯಾರ್ಥಿಗಳು ತಿಳಿದಿರಬೇಕು.

ಆಹಾರದ ವಿಷಯಕ್ಕೆ ಬರೋಣ. ಈ ಸೀಮೆಯ ಮುಖ್ಯ ಆಹಾರ ಜೋಳದ ರೊಟ್ಟಿ. ಜೋಳ ತಿಂದರೆ ತೆಳ್ಳಗಾಗುವರು, ಅಕ್ಕಿ ತಿಂದರೆ ಊದುವರು ಎಂಬ ನಂಬಿಕೆ ಈಚೆಗೆ ಪೇಟೆಗಳಲ್ಲಿ ಬಲವಾಗಿದೆ. ನೂರು ಗ್ರಾಂ ಜೋಳದಲ್ಲಿ ಸುಮಾರು ೩೩೫, ನೂರು ಗ್ರಾಂ ಅಕ್ಕಿಯಲ್ಲಿ ಸುಮಾರು ೩೫೫ ಕಿಲೊಕ್ಯಾಲೊರಿ ಇವೆ, ಅಂತರ ಅಲ್ಪ. ಜೋಳದ ಹೆಚ್ಚುಗಾರಿಕೆ ಇರುವುದು ನಾರಿನಲ್ಲಿ, ಮತ್ತು ಅಗಿದು ನುಂಗಲು ಹಿಡಿಯುವ ಹೊತ್ತಿನಲ್ಲಿ. ಜೊತೆಗೆ ಕಾಳಿನ ಪಲ್ಯ, ಹಸಿ ಸೊಪ್ಪು, ಸೌತೆ, ಮೂಲಂಗಿಗಳಿದ್ದರೆ ಬೇಗನೆ ಹೊಟ್ಟೆ ತುಂಬಿದಂತಾಗುತ್ತದೆ. ಆದರೆ ಸಂಜೆಯ ಮಂಡಕ್ಕಿ-ಮಿರ್ಚಿಯ ವಿಷಯ ಬೇರೆ. ಮಂಡಕ್ಕಿ ಹಗುರವಾದುದೇ, ಭಾರ ಇರುವುದು ಮಿರ್ಚಿ ಹೀರಿಕೊಂಡ ಎಣ್ಣೆಯಲ್ಲಿ. ೨೮ ಗ್ರಾಂ ಎಣ್ಣೆ ಹೊಟ್ಟೆಗೆ ಸೇರಿತೆಂದರೆ ೨೫೦ ಕಿಲೊಕ್ಯಾಲೊರಿ ಸೇರಿದಂತೆ. ಬಾಟಲಿಗಳಲ್ಲಿ ಬರುವ ಸಿಹಿ ಪಾನೀಯಗಳನ್ನೂ ದಿನಕ್ಕೆ ಐದಾರು ಸಲ ಕುಡಿಯುವ ಸಕ್ಕರೆಯ ಚಹವನ್ನೂ ಯಾರೂ ಊಟದ ಲೆಕ್ಕಕ್ಕೆ ಹಿಡಿಯುವುದಿಲ್ಲ. ದೇಹ ಮಾತ್ರ ಹಿಡಿಯುತ್ತದೆ.

ನಡೆದು ಇದನ್ನೆಲ್ಲ ಕಳೆಯಬಹುದೆ? ಕೊಟ್ಟೂರಿನ ಗುರುಬಸವೇಶ್ವರ ರಥೋತ್ಸವಕ್ಕೆ ಪ್ರತಿವರ್ಷ ಸಾವಿರಾರು ಜನ ಕಾಲ್ನಡಿಗೆಯಲ್ಲಿ ಬರುತ್ತಾರೆ. ೭೦ ಕಿಲೋಗ್ರಾಂ ತೂಕದ ಪಾದಯಾತ್ರಿಯೊಬ್ಬ ಸಮತಟ್ಟಾದ ನೆಲದ ಮೇಲೆ ಒಂದು ಕಿಲೊಮೀಟರು ನಡೆದರೆ, ಸುಮ್ಮನೆ ಕುಳಿತಾಗ ಆಗುವ ಖರ್ಚಿನ ಮೇಲೆ ಸುಮಾರು ೪೦ ಕಿಲೊಕ್ಯಾಲೊರಿ ವ್ಯಯವಾಗುತ್ತದೆ. ೪೦ ಕಿಲೊಮೀಟರು ನಡೆದರೆ ೧,೬೦೦. ಅಂದರೆ ಕರಗಿದ ಕೊಬ್ಬು ಹೆಚ್ಚೆಂದರೆ ೨೦೦ ಗ್ರಾಂ! ಮರುದಿನ ತಕ್ಕಡಿ ಎರಡು ಕಿಲೋಗ್ರಾಂ ಕಡಿಮೆ ತೋರಿಸಿದರೆ ಅದು ಬೆವರಾಗಿ ಹೋದ ನೀರು, ಖರ್ಚಾದ ಪಿಷ್ಟ ಮತ್ತು ಅದರೊಂದಿಗಿದ್ದ ನೀರು. ದಾರಿಯ ದಾಸೋಹದಲ್ಲಿ ಅವೆಲ್ಲ ಮರಳಿ ತುಂಬುತ್ತವೆ. ವ್ಯಾಯಾಮ ವ್ಯರ್ಥವೆಂದು ನಾವು ಹೇಳುತ್ತಿಲ್ಲ. ಹೃದಯಕ್ಕೆ, ಸ್ನಾಯುಗಳಿಗೆ, ರಕ್ತದ ಸಕ್ಕರೆಗೆ ಅದರಷ್ಟು ಹಿತವಾದುದು ವಿರಳ. ಇಳಿದ ತೂಕ ಮತ್ತೆ ಏರದಂತೆ ತಡೆಯುವುದರಲ್ಲಿಯೂ ಅದರ ನೆರವು ದೊಡ್ಡದು. ತೂಕ ಇಳಿಸುವ ಕೆಲಸವನ್ನು ಅದೊಂದಕ್ಕೇ ವಹಿಸಿದವರಿಗೆ ಮಾತ್ರ ನಿರಾಶೆ ಕಾದಿರುತ್ತದೆ.

ಇದೇ ಸಂದರ್ಭದಲ್ಲಿ ಬಹು ಪ್ರಚಾರದಲ್ಲಿರುವ ಒಂದು ತಪ್ಪು ಲೆಕ್ಕವನ್ನೂ ತಿದ್ದಬೇಕು. ದಿನಕ್ಕೆ ೨೦ ಕಿಲೊಕ್ಯಾಲೊರಿ ಕಡಿಮೆ ತಿಂದರೆ ಹತ್ತು ವರ್ಷದಲ್ಲಿ ಸುಮಾರು ೧೦ ಕಿಲೋಗ್ರಾಂ ಇಳಿಯುತ್ತದೆಂದು ಹೇಳುವುದುಂಟು. ಗುಣಾಕಾರ ಸರಿ, ಶರೀರವಿಜ್ಞಾನ ತಪ್ಪು. ದೇಹ ಚಿಕ್ಕದಾದಂತೆ ಅದರ ಖರ್ಚೂ ಚಿಕ್ಕದಾಗುವುದರಿಂದ ಇಳಿತ ಕ್ರಮೇಣ ನಿಂತುಬಿಡುತ್ತದೆ. ಕೆವಿನ್ ಹಾಲ್ ಮತ್ತು ಸಂಗಡಿಗರು ೨೦೧೧ರಲ್ಲಿ ಕೊಟ್ಟ ಅಂದಾಜಿನಂತೆ, ಶಾಶ್ವತವಾಗಿ ಒಂದು ಕಿಲೋಗ್ರಾಂ ಇಳಿಯಬೇಕಾದರೆ ದಿನಕ್ಕೆ ಸುಮಾರು ೨೪ ಕಿಲೊಕ್ಯಾಲೊರಿಯನ್ನು ಶಾಶ್ವತವಾಗಿ ಕಡಿಮೆ ಮಾಡಬೇಕು. ಅದರ ಅರ್ಧ ಫಲ ಕಾಣಲು ಒಂದು ವರ್ಷ, ಬಹುಪಾಲು ಫಲ ಕಾಣಲು ಮೂರು ವರ್ಷ ಬೇಕು. ಹತ್ತು ಕಿಲೋಗ್ರಾಮಿಗೆ ದಿನಕ್ಕೆ ೨೪೦. ಆರನೆಯ ತಿಂಗಳಲ್ಲಿ ತಕ್ಕಡಿಯ ಮುಳ್ಳು ನಿಂತಿತೆಂದು ಎದೆಗುಂದುವವರಿಗೆ ಈ ನಿಯಮ ತಿಳಿದಿದ್ದರೆ ಒಳ್ಳೆಯದು.

ಬೊಜ್ಜಿಗೆ ಔಷಧಿ ಹುಡುಕಿದ ಇತಿಹಾಸ ಅಷ್ಟೇನೂ ಮನೋಹರವಲ್ಲ. ಅತಿಸ್ಥೂಲನ ಚಿಕಿತ್ಸೆ ಅತಿಕೃಶನ ಚಿಕಿತ್ಸೆಗಿಂತ ಕಷ್ಟವೆಂದು ಚರಕಸಂಹಿತೆಯ ಕಾಲದ ವೈದ್ಯರೇ ಬಲ್ಲವರಾಗಿದ್ದರು. ಅವರು ಜವೆ, ಹೆಸರುಗಳಂಥ ಧಾನ್ಯಗಳನ್ನು ವಿಧಿಸಿದರು. ೧೯೩೦ರ ದಶಕದಲ್ಲಿ ಅಮೆರಿಕದಲ್ಲಿ ಡೈನೈಟ್ರೊಫಿನಾಲ್ ಎಂಬ ರಾಸಾಯನಿಕವನ್ನು ಮಾರಿದರು. ಅದು ಜೀವಕೋಶದಲ್ಲಿ ಆಹಾರದ ಶಕ್ತಿಯನ್ನು ಬರಿಯ ಶಾಖವಾಗಿ ಚೆಲ್ಲಿಸುತ್ತದೆ. ತೂಕ ಇಳಿಯಿತು, ನಿಜ. ಕೆಲವರಿಗೆ ಕಣ್ಣಿನ ಪೊರೆ ಬಂದಿತು, ಕೆಲವರು ಜ್ವರವೇರಿ ಮೃತರಾದರು. ೧೯೩೮ರಲ್ಲಿ ಅದು ಅಲ್ಲಿ ನಿಷಿದ್ಧವಾಯಿತು. ಕಳ್ಳದಾರಿಯಲ್ಲಿ ಈಗಲೂ ತರುಣರಿಗೆ ಅದನ್ನು ಮಾರುವವರಿದ್ದಾರೆ; ಅದು ವಿಷವೆಂದೇ ತಿಳಿಯತಕ್ಕದ್ದು. ಹೃದಯದ ಕವಾಟಗಳನ್ನು ಕೆಡಿಸಿದ ಫೆನ್‌ಫ್ಲುರಮೀನ್ ೧೯೯೭ರಲ್ಲಿಯೂ, ಹೃದಯಾಘಾತ ಮತ್ತು ಲಕ್ವಗಳ ಭಯವಿದ್ದ ಸಿಬುಟ್ರಮೀನ್ ೨೦೧೦ರಲ್ಲಿಯೂ ಪಾಶ್ಚಾತ್ಯ ಪೇಟೆಗಳಿಂದ ಹೊರಟುಹೋದವು.

ಈಚಿನ ಔಷಧಿಗಳ ವಂಶ ಬೇರೆ. ಊಟವಾದೊಡನೆ ಕರುಳಿನಿಂದ ಜಿಎಲ್‌ಪಿ-೧ ಎಂಬ ಹಾರ್ಮೋನು ಹೊರಟು, ಇನ್ಸುಲಿನ್ನನ್ನು ಹೆಚ್ಚಿಸಿ, ಜಠರ ಬರಿದಾಗುವುದನ್ನು ನಿಧಾನಗೊಳಿಸಿ, ಮೆದುಳಿಗೆ ‘ಇನ್ನು ಸಾಕು’ ಎಂದು ತಿಳಿಸುತ್ತದೆ. ಆದರೆ ಕೆಲವೇ ನಿಮಿಷಗಳಲ್ಲಿ ರಕ್ತದಲ್ಲಿ ನಾಶವಾಗುತ್ತದೆ. ೧೯೯೨ರಲ್ಲಿ ಜಾನ್ ಎಂಗ್ ಎಂಬ ವೈದ್ಯರು ಅಮೆರಿಕದ ಮರುಭೂಮಿಯ ಗಿಲಾ ಎಂಬ ವಿಷದ ಹಲ್ಲಿಯ ಜೊಲ್ಲಿನಲ್ಲಿ ಅದನ್ನೇ ಹೋಲುವ, ಬಹುಹೊತ್ತು ಬಾಳುವ ವಸ್ತುವನ್ನು ಕಂಡರು. ಅಲ್ಲಿಂದ ಬೆಳೆದ ವಿದ್ಯೆಯ ಫಲ, ವಾರಕ್ಕೊಮ್ಮೆ ಚುಚ್ಚಿಕೊಳ್ಳುವ ಸೆಮಾಗ್ಲುಟೈಡ್, ಟಿರ್ಜೆಪಟೈಡ್‌ಗಳು. ೨೦೨೧ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಸೆಮಾಗ್ಲುಟೈಡ್ ತೆಗೆದುಕೊಂಡವರ ತೂಕ ೬೮ ವಾರಗಳಲ್ಲಿ ಸರಾಸರಿ ನೂರಕ್ಕೆ ೧೫ರಷ್ಟು ಇಳಿಯಿತು. ೨೦೨೫ರಲ್ಲಿ ಇವೆರಡೂ ತೂಕ ಇಳಿಸುವ ಔಷಧಿಗಳಾಗಿ ಭಾರತದ ಪೇಟೆಗೆ ಬಂದವು. ವಾಕರಿಕೆ, ವಾಂತಿ ಸಾಮಾನ್ಯ. ಕೊಬ್ಬಿನೊಂದಿಗೆ ಸ್ನಾಯುವೂ ಸವೆಯುತ್ತದೆ, ಮತ್ತು ಸ್ನಾಯು ಮೊದಲೇ ಕಡಿಮೆಯಿರುವ ನಮ್ಮವರಿಗೆ ಇದು ಗಣನೀಯವಾದ ವಿಷಯ. ಎಲ್ಲಕ್ಕಿಂತ ಮುಖ್ಯವಾಗಿ, ಔಷಧಿ ನಿಲ್ಲಿಸಿದ ಒಂದು ವರ್ಷದಲ್ಲಿ ಇಳಿದ ತೂಕದ ಮೂರನೆಯ ಎರಡು ಭಾಗ ಮರಳಿ ಬಂದಿತು. ಮಿನೆಸೋಟದ ಪಾಠವೇ ಇಲ್ಲಿ ಪುನಃ ಕಾಣುತ್ತದೆ. ಸ್ಥೂಲಕಾಯವನ್ನು ರಕ್ತದ ಒತ್ತಡದಂತೆ ದೀರ್ಘಕಾಲದ ರೋಗವೆಂದು ಎಣಿಸಿದರೆ ಇದರಲ್ಲಿ ಆಶ್ಚರ್ಯವಿಲ್ಲ. ಆಶ್ಚರ್ಯವಿರುವುದು, ತಿಂಗಳು ತಿಂಗಳೂ ಸಾವಿರಾರು ರೂಪಾಯಿ ತೆರಲು ಒಣಬೇಸಾಯದ ಕುಟುಂಬಕ್ಕೆ ಹೇಗೆ ಸಾಧ್ಯವೆಂಬುದನ್ನು ಯಾರೂ ಕೇಳದಿರುವುದರಲ್ಲಿ.

ತೀವ್ರ ಸ್ಥೂಲಕಾಯರಿಗೆ ಜಠರವನ್ನು ಕಿರಿದುಗೊಳಿಸುವ ಶಸ್ತ್ರಚಿಕಿತ್ಸೆಯುಂಟು. ಸ್ವೀಡನ್ನಿನಲ್ಲಿ ೧೯೮೭ರಿಂದ ನಡೆದ ದೀರ್ಘ ಅಧ್ಯಯನದಲ್ಲಿ ಶಸ್ತ್ರಚಿಕಿತ್ಸೆಯಾದವರ ತೂಕ ವರ್ಷಗಟ್ಟಲೆ ಕೆಳಗೇ ನಿಂತಿತು, ಮರಣಗಳೂ ಕಡಿಮೆಯಾದವು. ಆದರೆ ಅದಾದ ಮೇಲೆ ಜೀವಮಾನವಿಡೀ ವಿಟಮಿನ್ನು, ಕಬ್ಬಿಣಾಂಶಗಳ ಎಚ್ಚರಿಕೆ ಬೇಕು.

ತೂಕ ಅಷ್ಟಾಗಿ ಇಳಿಯದಿದ್ದರೆ ಪಟ್ಟ ಶ್ರಮವೆಲ್ಲ ನೀರಲ್ಲಿ ಹೋಮವೆ? ಚೆನ್ನೈಯಲ್ಲಿ ಡಾಕ್ಟರ್ ರಾಮಚಂದ್ರನ್ ಮತ್ತು ಸಂಗಡಿಗರು ಮಧುಮೇಹದ ಹೊಸ್ತಿಲಲ್ಲಿದ್ದ ೫೩೧ ಮಂದಿಯನ್ನು ಆರಿಸಿ, ಒಂದು ಗುಂಪಿಗೆ ಊಟದ ಹದವನ್ನೂ ದಿನದ ನಡಿಗೆಯನ್ನೂ ಹೇಳಿಕೊಟ್ಟು, ಮೂರು ವರ್ಷ ಗಮನಿಸಿದರು. ೨೦೦೬ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಆ ಗುಂಪಿನಲ್ಲಿ ಮಧುಮೇಹಕ್ಕೆ ತಿರುಗುವ ಸಂಭವ ನೂರಕ್ಕೆ ಸುಮಾರು ೨೮ರಷ್ಟು ತಗ್ಗಿತು. ಅವರ ತೂಕ ಮಾತ್ರ ಹೆಚ್ಚುಕಡಮೆ ಇದ್ದಲ್ಲಿಯೇ ಇದ್ದಿತು! ತಕ್ಕಡಿಗೆ ಕಾಣದ ಲಾಭವೂ ಇದೆಯೆಂದಾಯಿತು.

ಆದುದರಿಂದ ತಕ್ಕಡಿಗಿಂತ ದರ್ಜಿಯ ಟೇಪು ನಮ್ಮ ಜನಕ್ಕೆ ಹೆಚ್ಚು ನಿಜ ಹೇಳುತ್ತದೆ. ಸೊಂಟದ ಸುತ್ತಳತೆ ಪುರುಷರಲ್ಲಿ ೯೦, ಸ್ತ್ರೀಯರಲ್ಲಿ ೮೦ ಸೆಂಟಿಮೀಟರು ಮುಟ್ಟಿದರೆ ವೈದ್ಯರನ್ನು ಕಾಣತಕ್ಕದ್ದು. ಈ ಅಂಕಿಗಳೂ ಮೇಲೆ ಹೇಳಿದ ಸೂಚ್ಯಂಕದ ಮೇರೆಗಳೂ ವಯಸ್ಕರಿಗೆ ಮಾತ್ರ. ಪ್ರೌಢಶಾಲೆಯ ವಾಚಕರಿಗೆ ವಯಸ್ಸಿಗೆ ತಕ್ಕ ಬೇರೆ ಕೋಷ್ಟಕಗಳಿವೆ, ಮತ್ತು ಬೆಳೆಯುವ ವಯಸ್ಸಿನಲ್ಲಿ ವೈದ್ಯರ ಸಲಹೆಯಿಲ್ಲದೆ ಉಪವಾಸ ಹೂಡುವುದು ಅಪಾಯಕರ. ಅಳೆಯುವಾಗ ನೆಟ್ಟಗೆ ನಿಂತು, ಉಸಿರನ್ನು ಸಹಜವಾಗಿ ಹೊರಬಿಟ್ಟು, ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಯ ಮೇಲಂಚಿಗೂ ನಟ್ಟನಡುವೆ ಟೇಪನ್ನು ಬರಿಯ ಮೈಮೇಲೆ ಬಿಗಿಯದೆ ಸುತ್ತಬೇಕು. ಪಂಚೆಯ ಗಂಟಿನ ಮೇಲೆಯೋ ಸೀರೆಯ ನೆರಿಗೆಯ ಮೇಲೆಯೋ ಸುತ್ತಿದರೆ ಅಳತೆ ತಪ್ಪುತ್ತದೆ.